ಬರೆದದ್ದು ಮತ್ತು ಬರೆಯದೆ ಬಿಟ್ಟದ್ದು: ಇಂಗ್ಲೆಂಡಿನ ಚರ್ಚ್ ಪುಸ್ತಕಗಳಲ್ಲಿ ಪೂರ್ವಜರ ಹುಡುಕಾಟ

1837ರ ಜುಲೈ 1ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಆರಂಭವಾಯಿತು. ಅದಕ್ಕಿಂತ ಹಿಂದೆ ಬದುಕಿದ್ದ ಒಬ್ಬ ರೈತನ, ನೇಕಾರನ, ಕಮ್ಮಾರನ ಅಥವಾ ಮನೆಗೆಲಸದವಳ ಹೆಸರು ಬರಹದಲ್ಲಿ ಉಳಿದಿದ್ದರೆ ಅದು ಬಹುಮಟ್ಟಿಗೆ ಚರ್ಚಿನ ಪುಸ್ತಕದಲ್ಲಿಯೇ ಉಳಿದಿರುತ್ತದೆ. ಜಮೀನಿನ ಪತ್ರ, ಉಯಿಲು, ವ್ಯಾಜ್ಯದ ಕಡತಗಳು ಉಳ್ಳವರನ್ನು ನೆನಪಿಟ್ಟುಕೊಂಡಷ್ಟು ಇಲ್ಲದವರನ್ನು ನೆನಪಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಇಂಗ್ಲೆಂಡಿನ ಸಾಮಾನ್ಯ ಮನೆತನವೊಂದರ ವಂಶಾವಳಿಯನ್ನು ಹಿಂದಕ್ಕೆ ಬಿಡಿಸುತ್ತ ಹೋಗುವವರು ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ತಲುಪುತ್ತಲೇ ಸರ್ಕಾರದ ಕಚೇರಿಯನ್ನು ಬಿಟ್ಟು ಚರ್ಚಿನ ಪೆಟ್ಟಿಗೆಯ ಬಳಿಗೆ ಬರಬೇಕಾಗುತ್ತದೆ. ಅಲ್ಲಿ ದೊರೆಯುವ ಪುಸ್ತಕಗಳು ಎರಡು ಬಗೆಯವು. ಒಂದು ಬಗೆಯವು ರಾಜ್ಯದ ಮನ್ನಣೆ ಪಡೆದ ಇಂಗ್ಲೆಂಡ್ ಚರ್ಚಿನ ಪ್ಯಾರಿಷ್ ಪುಸ್ತಕಗಳು. ಪ್ಯಾರಿಷ್ ಎಂದರೆ ಒಂದು ಚರ್ಚಿಗೂ ಅದರ ಪಾದ್ರಿಗೂ ಒಳಪಟ್ಟ, ಗೊತ್ತಾದ ಎಲ್ಲೆಗಳುಳ್ಳ ಪ್ರದೇಶ, ಕನ್ನಡನಾಡಿನ ಕ್ಯಾಥೊಲಿಕರು ಧರ್ಮಕೇಂದ್ರ ಎನ್ನುವ ಘಟಕ. ಇನ್ನೊಂದು ಬಗೆಯವು ಆ ಚರ್ಚಿನ ವಿಧಿಗಳನ್ನು ಒಪ್ಪದೆ ಹೊರಗೆ ನಿಂತ ನಾನ್‌ಕನ್ಫರ್ಮಿಸ್ಟರ, ಅಂದರೆ ಭಿನ್ನಮತೀಯ ಪ್ರಾಟೆಸ್ಟೆಂಟರ ಸಭೆಗಳ ಪುಸ್ತಕಗಳು.

ಈ ಪುಸ್ತಕಗಳನ್ನು ತೆರೆಯುವ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತೊಂದಿದೆ. ಪ್ಯಾರಿಷ್ ಪುಸ್ತಕ ಹುಟ್ಟನ್ನು ದಾಖಲಿಸುವುದಿಲ್ಲ, ದೀಕ್ಷಾಸ್ನಾನವನ್ನು ದಾಖಲಿಸುತ್ತದೆ. ಸಾವನ್ನು ದಾಖಲಿಸುವುದಿಲ್ಲ, ಹೂಳಿದ ದಿನವನ್ನು ದಾಖಲಿಸುತ್ತದೆ. ಪಾದ್ರಿ ತಾನು ನೆರವೇರಿಸಿದ ವಿಧಿಯ ಲೆಕ್ಕವನ್ನು ಬರೆದಿಟ್ಟನೇ ಹೊರತು ಜನರ ಬದುಕಿನ ಲೆಕ್ಕವನ್ನಲ್ಲ. ಆದ್ದರಿಂದ ಆ ವಿಧಿಯನ್ನು ಮನಸ್ಸಾಕ್ಷಿಯ ಕಾರಣಕ್ಕೆ ನಿರಾಕರಿಸಿದ ಮನೆತನದ ಮಗು ಅದೇ ಊರಿನಲ್ಲಿ ಹುಟ್ಟಿ ಬೆಳೆದಿದ್ದರೂ ಆ ಪುಸ್ತಕದ ಪಾಲಿಗೆ ಹುಟ್ಟಿಯೇ ಇರುವುದಿಲ್ಲ. ಹುಡುಕುವವರು ಹೆಸರು ಸಿಗದಿದ್ದಾಗ ಪುಸ್ತಕ ಹಾಳಾಗಿರಬೇಕು, ಪಾದ್ರಿ ಸೋಮಾರಿಯಾಗಿದ್ದಿರಬೇಕು ಎಂದು ಊಹಿಸುವುದು ಸಹಜ. ಎಷ್ಟೋ ಕಡೆ ಅದು ನಿಜವೂ ಹೌದು. ಆದರೆ ಖಾಲಿ ಬಿಟ್ಟ ಜಾಗವೇ ಆ ಮನೆತನದ ನಂಬಿಕೆಯನ್ನು ಹೇಳುವ ಸಾಕ್ಷ್ಯವಾಗಿರುವ ಸಂದರ್ಭಗಳೂ ಹೇರಳವಾಗಿವೆ, ಮತ್ತು ಈ ಉಪನ್ಯಾಸದ ಕಾಳಜಿ ಮುಖ್ಯವಾಗಿ ಆ ಖಾಲಿ ಜಾಗವನ್ನು ಓದುವ ಬಗೆಯನ್ನು ಕುರಿತದ್ದು.

ಪ್ಯಾರಿಷ್ ಪುಸ್ತಕಗಳ ಮೂಲ 1538ರಲ್ಲಿದೆ. ರೋಮಿನ ಪೋಪನ ಅಧಿಕಾರವನ್ನು ಕಿತ್ತೊಗೆದ ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ ಪ್ರತಿ ಪ್ಯಾರಿಷಿನ ಪಾದ್ರಿಯೂ ಒಂದು ಪುಸ್ತಕವನ್ನಿಟ್ಟು, ವಾರದಲ್ಲಿ ನಡೆದ ಮದುವೆ, ದೀಕ್ಷಾಸ್ನಾನ, ಸಮಾಧಿಗಳನ್ನು ಚರ್ಚ್‌ವಾರ್ಡನ್ ಎಂಬ ಊರ ಪ್ರತಿನಿಧಿಯ ಎದುರಿನಲ್ಲಿ ಭಾನುವಾರ ಬರೆಯಬೇಕಿತ್ತು. ಎರಡು ಬೀಗಗಳ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಒಂದು ಬೀಗದ ಕೈ ಪಾದ್ರಿಯ ಬಳಿಯೂ ಇನ್ನೊಂದು ವಾರ್ಡನ್‌ಗಳ ಬಳಿಯೂ ಇರಬೇಕಿತ್ತು. ತಪ್ಪಿದರೆ 3 ಶಿಲ್ಲಿಂಗ್ 4 ಪೆನ್ಸ್ ದಂಡ. ಇದು ಹೊಸ ತೆರಿಗೆಯ ಪೀಠಿಕೆಯೆಂದು ಜನ ಅಂಜಿದರು. ಆ ಅಂಜಿಕೆ ಆಗ ನಿಜವಾಗದಿದ್ದರೂ ಪೂರ್ತಿ ಸುಳ್ಳಾಗಲಿಲ್ಲ: 1783ರ ಕಾನೂನು ಪುಸ್ತಕದ ಪ್ರತಿ ನಮೂದಿಗೂ 3 ಪೆನ್ಸ್ ಮುದ್ರಾಶುಲ್ಕ ವಿಧಿಸಿ, 1794ರಲ್ಲಿ ರದ್ದಾಗುವವರೆಗೆ ಜಾರಿಯಲ್ಲಿತ್ತು. ಕಡುಬಡವರಿಗೆ ವಿನಾಯಿತಿ ಇದ್ದುದರಿಂದ ಆ ಹನ್ನೊಂದು ವರ್ಷಗಳಲ್ಲಿ ಒಬ್ಬನ ಹೆಸರಿನ ಮುಂದೆ ಬಡವ ಎಂಬ ಗುರುತು ಕಂಡರೆ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ. ತೆರಿಗೆ ಉಳಿಸಲು ಕರುಣೆಯುಳ್ಳ ಪಾದ್ರಿಯೊಬ್ಬ ಬರೆದ ಗುರುತೂ ಅದಾಗಿರಬಹುದು. ಹಾಗೆಯೇ ಶುಲ್ಕ ಜಾರಿಗೆ ಬರುವ ಮುಂಚಿನ ವಾರಗಳಲ್ಲಿ ಒಂದೇ ಮನೆಯ ಮೂರು ನಾಲ್ಕು ಮಕ್ಕಳಿಗೆ ಒಟ್ಟಿಗೆ ದೀಕ್ಷಾಸ್ನಾನವಾದದ್ದು ಕಂಡರೆ ಅವರನ್ನು ಅವಳಿ ತ್ರಿವಳಿಗಳೆಂದು ಭಾವಿಸುವಂತಿಲ್ಲ.

ಕ್ರಾಮ್‌ವೆಲ್ಲನ ಆಜ್ಞೆಯಿಂದ ಹುಟ್ಟಿದ ಮೊದಲ ಪುಸ್ತಕಗಳು ಬಹುಪಾಲು ಕಾಗದದವು, ಎಷ್ಟೋ ಕಡೆ ಬಿಡಿ ಹಾಳೆಗಳು. 1598ರಲ್ಲಿ ಹಳೆಯ ನಮೂದುಗಳನ್ನೆಲ್ಲ ಚರ್ಮಪತ್ರದ ಪುಸ್ತಕಕ್ಕೆ ನಕಲು ಮಾಡಬೇಕೆಂದು ಆದೇಶವಾದಾಗ, ವಿಶೇಷವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದಾಚೆಗಿನದನ್ನು ಬರೆಯಬೇಕೆಂಬ ಮಾತೂ ಅದರಲ್ಲಿ ಸೇರಿಕೊಂಡಿತು. ನಕಲುಗಾರರು ಆ ಮಾತನ್ನು ಅನುಕೂಲದ ಅನುಮತಿಯೆಂದು ತಿಳಿದು ಮೊದಲ ಇಪ್ಪತ್ತು ವರ್ಷಗಳನ್ನು ಕೈಬಿಟ್ಟದ್ದರಿಂದಲೇ ಉಳಿದಿರುವ ಪುಸ್ತಕಗಳಲ್ಲಿ ಬಹಳಷ್ಟು 1558ರಿಂದ ಶುರುವಾಗುತ್ತವೆ. ಅದೇ ಆದೇಶದಿಂದ ಒಂದು ದೊಡ್ಡ ಉಪಕಾರವೂ ಆಯಿತು: ವರ್ಷಕ್ಕೊಮ್ಮೆ ಆ ವರ್ಷದ ನಮೂದುಗಳ ನಕಲನ್ನು ಬಿಷಪ್ಪನ ಕಚೇರಿಗೆ ಕಳಿಸಬೇಕೆಂದಾಯಿತು. ಬಿಷಪ್ ಪ್ರತಿಗಳು ಎಂದು ಕರೆಯುವ ಈ ನಕಲುಗಳು ಮೂಲ ಪುಸ್ತಕ ಬೆಂಕಿಗೋ ಇಲಿಗೋ ತೇವಕ್ಕೋ ಬಲಿಯಾದ ಊರಿನವರಿಗೆ ಒಂದೇ ಆಸರೆ. ಮೂಲವೂ ನಕಲೂ ಎರಡೂ ಇರುವ ಕಡೆ ಎರಡನ್ನೂ ನೋಡಿದಾಗ, ಪಾದ್ರಿ ಒಂದರಲ್ಲಿ ಮರೆತದ್ದನ್ನು ಇನ್ನೊಂದರಲ್ಲಿ ಬರೆದಿರುವುದು, ಹೆಸರಿನ ಕಾಗುಣಿತ ಎರಡರಲ್ಲಿ ಎರಡು ರೀತಿ ಇರುವುದು ಕಾಣುತ್ತದೆ.

ಕಾಲಗಣನೆಯ ತೊಡಕನ್ನು ಕನ್ನಡ ಶಾಸನಗಳ ಓದುಗರಿಗೆ ವಿವರಿಸುವುದು ಕಷ್ಟವಲ್ಲ. ಶಕವರ್ಷ ಗತವೋ ವರ್ತಮಾನವೋ ಎಂದು ತೀರ್ಮಾನಿಸದೆ ಶಾಸನದ ತೇದಿಯನ್ನು ಹೇಗೆ ಹೇಳಲಾಗದೋ ಹಾಗೆಯೇ 1752ಕ್ಕಿಂತ ಹಿಂದಿನ ಇಂಗ್ಲಿಷ್ ತೇದಿಯನ್ನೂ ನೋಡಿದ ಕೂಡಲೆ ಹೇಳಲಾಗದು. ಆಗ ಇಂಗ್ಲೆಂಡಿನ ಕಾನೂನುಬದ್ಧ ವರ್ಷ ಮಾರ್ಚ್ 25ರಂದು, ಮರಿಯಳಿಗೆ ದೇವದೂತನ ವಾರ್ತೆ ತಲುಪಿದ ಹಬ್ಬದ ದಿನ, ಶುರುವಾಗುತ್ತಿತ್ತು. ಆದ್ದರಿಂದ ಪುಸ್ತಕದಲ್ಲಿ 1720ರ ಏಪ್ರಿಲ್‌ನಲ್ಲಿ ಮದುವೆ, 1720ರ ಫೆಬ್ರವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಎಂದಿದ್ದರೆ ಮಗು ಮದುವೆಗೆ ಮೊದಲು ಹುಟ್ಟಿತೆಂದಲ್ಲ. ಆ ಫೆಬ್ರವರಿ ಇಂದಿನ ಲೆಕ್ಕದಲ್ಲಿ 1721ರದ್ದು. 1752ರಿಂದ ವರ್ಷಾರಂಭ ಜನವರಿ 1ಕ್ಕೆ ಬದಲಾಯಿತು, ಮತ್ತು ಅದೇ ವರ್ಷ ಗ್ರೆಗೋರಿಯನ್ ಪಂಚಾಂಗವನ್ನು ಸ್ವೀಕರಿಸಿದ್ದರಿಂದ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಇದರ ಜೊತೆಗೆ ಲ್ಯಾಟಿನ್ ಭಾಷೆಯ ತೊಡಕೂ ಇದೆ: ಜೇಮ್ಸ್‌ನನ್ನು ಯಾಕೋಬುಸ್ ಎಂದೂ ವಿಲಿಯಂನನ್ನು ಗುಲಿಯೆಲ್ಮುಸ್ ಎಂದೂ ಬರೆದಿರುವ ಪುಸ್ತಕಗಳಲ್ಲಿ ಯಾಕೋಬುಸ್‌ನನ್ನು ಜೇಕಬ್ ಎಂದು ಓದಿ ದಾರಿ ತಪ್ಪಿದವರು ಕಡಿಮೆಯಿಲ್ಲ.

ಹದಿನೇಳನೆಯ ಶತಮಾನದ ಅಂತರ್ಯುದ್ಧದ ಕಾಲ ಈ ಪುಸ್ತಕಗಳ ಮೈಮೇಲಿನ ದೊಡ್ಡ ಗಾಯ. 1642ರಿಂದ ಪಾದ್ರಿಗಳು ಓಡಿಹೋದರು, ಕೆಲವರನ್ನು ಓಡಿಸಲಾಯಿತು, ಪುಟಗಳು ಖಾಲಿ ಉಳಿದವು. ರಾಜನ ತಲೆ ಉರುಳಿದ ಮೇಲೆ ಬಂದ ಗಣರಾಜ್ಯ 1653ರಲ್ಲಿ ಪುಸ್ತಕವನ್ನು ಪಾದ್ರಿಯ ಕೈಯಿಂದ ಕಿತ್ತು, ತೆರಿಗೆ ಕೊಡುವ ಊರವರು ಆರಿಸಿದ ನೌಕರನೊಬ್ಬನಿಗೆ ಒಪ್ಪಿಸಿತು; ದೀಕ್ಷಾಸ್ನಾನದ ಬದಲು ಹುಟ್ಟನ್ನು ಬರೆಯಬೇಕೆಂದೂ ಮದುವೆಯನ್ನು ಪಾದ್ರಿಯ ಬದಲು ಮ್ಯಾಜಿಸ್ಟ್ರೇಟ್ ಮಾಡಿಸಬೇಕೆಂದೂ ವಿಧಿಸಿತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಆ ವ್ಯವಸ್ಥೆಯೂ ಅಳಿಯಿತು. ಪುಸ್ತಕ ಯಾರ ಕೈಯಲ್ಲಿ ಇರಬೇಕೆಂಬ ಜಗಳ ದೇಶವನ್ನು ಯಾರು ಆಳಬೇಕೆಂಬ ಜಗಳದ ಒಂದು ತುಣುಕಾಗಿತ್ತು ಎಂಬುದನ್ನು ಈ ಹದಿನೆಂಟು ವರ್ಷಗಳಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ.

ಭಿನ್ನಮತೀಯರ ಕಥೆ ಇಲ್ಲಿಂದಲೇ ಕವಲೊಡೆಯುತ್ತದೆ. 1662ರ ಏಕರೂಪತಾ ಕಾಯಿದೆ ಪ್ರತಿಯೊಬ್ಬ ಪಾದ್ರಿಯೂ ಅಧಿಕೃತ ಪ್ರಾರ್ಥನಾ ಪುಸ್ತಕದ ಪ್ರತಿ ಮಾತನ್ನೂ ಒಪ್ಪಬೇಕೆಂದು ಕಟ್ಟಳೆ ಹಾಕಿದಾಗ, ಅದನ್ನು ಒಪ್ಪದ ಪಾದ್ರಿಗಳು ಆ ವರ್ಷದ ಆಗಸ್ಟ್ 24ರಂದು ಹುದ್ದೆ, ಮನೆ, ವರಮಾನ ಎಲ್ಲವನ್ನೂ ಬಿಟ್ಟು ಹೊರಬಿದ್ದರು. 1660ರಿಂದ ಹೀಗೆ ಹೊರಬಿದ್ದವರ ಒಟ್ಟು ಸಂಖ್ಯೆ ಸುಮಾರು 2,000. ಅವರನ್ನು ಹಿಂಬಾಲಿಸಿದ ಜನರು ಪ್ರೆಸ್ಬಿಟೇರಿಯನ್ನರೆಂದೂ, ಪ್ರತಿ ಸಭೆಯೂ ಸ್ವತಂತ್ರವೆನ್ನುವ ಇಂಡಿಪೆಂಡೆಂಟರೆಂದೂ ಕರೆಸಿಕೊಂಡರು. ಬ್ಯಾಪ್ಟಿಸ್ಟರೂ ಕ್ವೇಕರರೂ ಆಗಲೇ ಬೇರೆ ನಿಂತಿದ್ದರು. 1689ರ ಸಹಿಷ್ಣುತಾ ಕಾಯಿದೆ ಬರುವವರೆಗೆ ಅವರ ಸಭೆಗಳು ಕಾನೂನಿಗೆ ವಿರುದ್ಧವಾಗಿದ್ದವು. ಹೆಸರುಗಳ ಪಟ್ಟಿಯೊಂದನ್ನು ಇಟ್ಟುಕೊಂಡರೆ ಅದೇ ತಮ್ಮ ಜನರ ಮೇಲಿನ ಸಾಕ್ಷ್ಯವಾಗುವ ಕಾಲದಲ್ಲಿ ಪುಸ್ತಕ ಬರೆಯುವವರು ವಿರಳವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಭಿನ್ನಮತೀಯರ ದಾಖಲೆಗಳು ಬಹುಪಾಲು ಹದಿನೆಂಟನೆಯ ಶತಮಾನದವು. ಹದಿನೇಳನೆಯದರವು ಕೈಗೆ ಸಿಕ್ಕರೆ ಅದು ಭಾಗ್ಯ.

ಕ್ವೇಕರರು ಮಾತ್ರ ಇದಕ್ಕೆ ಅಪವಾದ. ಸೆರೆಮನೆಗೆ ಅಂಜದ ಆ ಜನ ತಮ್ಮ ಲೆಕ್ಕವನ್ನು ಮೊದಲಿನಿಂದಲೂ ಅಚ್ಚುಕಟ್ಟಾಗಿ ಬರೆದಿಟ್ಟರು. ಅವರಲ್ಲಿ ದೀಕ್ಷಾಸ್ನಾನವೇ ಇಲ್ಲ, ಆದ್ದರಿಂದ ಅವರ ಪುಸ್ತಕ ಹುಟ್ಟನ್ನೇ ದಾಖಲಿಸುತ್ತದೆ. ಅವರ ಮದುವೆಯಲ್ಲಿ ಪಾದ್ರಿಯಿಲ್ಲ; ವಧುವರರು ಸಭೆಯ ಎದುರು ಎದ್ದುನಿಂತು ಪರಸ್ಪರ ಮಾತು ಕೊಟ್ಟ ಮೇಲೆ ನೆರೆದವರು ಸಾಕ್ಷಿಗಳಾಗಿ ಸಹಿ ಹಾಕುತ್ತಾರೆ, ಹೀಗಾಗಿ ಒಂದು ಮದುವೆಯ ಪತ್ರದಲ್ಲಿ ಬಂಧುಬಳಗದ ಇಪ್ಪತ್ತು ಮೂವತ್ತು ಹೆಸರುಗಳು ಒಟ್ಟಿಗೆ ಸಿಗುವುದುಂಟು. ತಿಂಗಳು ವಾರಗಳ ಹೆಸರುಗಳು ಅನ್ಯದೇವತೆಗಳವೆಂದು ಅವರು ಅವುಗಳನ್ನು ಬಳಸದೆ ಮೊದಲನೆಯ ತಿಂಗಳು, ಎರಡನೆಯ ತಿಂಗಳು ಎಂದು ಬರೆದರು. 1752ಕ್ಕೆ ಮೊದಲು ಅವರ ಮೊದಲನೆಯ ತಿಂಗಳು ಮಾರ್ಚ್, ಆಮೇಲೆ ಜನವರಿ ಎಂಬುದನ್ನು ಮರೆತರೆ ಇಡೀ ಲೆಕ್ಕ ಎರಡು ತಿಂಗಳು ಜಾರುತ್ತದೆ. ಸಭೆಯ ಹೊರಗಿನವರನ್ನು ಪಾದ್ರಿಯ ಎದುರು ಮದುವೆಯಾದವರನ್ನು ಸಭೆ ತನ್ನವರಲ್ಲವೆಂದು ಸಾರುತ್ತಿತ್ತು, ಆ ನಿರ್ಧಾರ ಮಾಸಿಕ ಸಭೆಯ ನಡಾವಳಿಯಲ್ಲಿ ದಾಖಲಾಗುತ್ತಿತ್ತು. ಮೂರು ತಲೆಮಾರು ಕ್ವೇಕರ್ ಪುಸ್ತಕದಲ್ಲಿದ್ದ ಮನೆತನ ನಾಲ್ಕನೆಯದರಲ್ಲಿ ಇದ್ದಕ್ಕಿದ್ದಂತೆ ಮಾಯವಾದರೆ ಸಾವಿಗಿಂತ ಮೊದಲು ಮದುವೆಯನ್ನು ಶಂಕಿಸುವುದು ಒಳ್ಳೆಯದು.

ಬ್ಯಾಪ್ಟಿಸ್ಟರು ತಿಳಿವಳಿಕೆ ಬಂದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವವರಾದ್ದರಿಂದ ಅವರ ಪುಸ್ತಕದ ದೀಕ್ಷಾಸ್ನಾನದ ತೇದಿಯಿಂದ ಹುಟ್ಟಿದ ವರ್ಷವನ್ನು ಊಹಿಸಿದರೆ ಇಪ್ಪತ್ತೋ ಮೂವತ್ತೋ ವರ್ಷಗಳ ತಪ್ಪಾಗುತ್ತದೆ. ಮೆಥಡಿಸ್ಟರ ವಿಷಯ ಬೇರೆ. ಅವರ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿ ಸಾಯುವವರೆಗೆ ಇಂಗ್ಲೆಂಡ್ ಚರ್ಚಿನ ಪಾದ್ರಿಯಾಗಿಯೇ ಉಳಿದ, ತನ್ನ ಅನುಯಾಯಿಗಳೂ ಸಂಸ್ಕಾರಗಳಿಗಾಗಿ ಪ್ಯಾರಿಷ್ ಚರ್ಚಿಗೇ ಹೋಗಬೇಕೆಂದು ಬಯಸಿದ. 1791ರಲ್ಲಿ ಅವನು ತೀರಿಕೊಂಡ ಮೇಲೆ, 1795ರ ಒಪ್ಪಂದದ ನಂತರವೇ ಮೆಥಡಿಸ್ಟ್ ಸಭೆಗಳು ಸ್ವಂತವಾಗಿ ಸಂಸ್ಕಾರ ನಡೆಸತೊಡಗಿದವು. ಆದ್ದರಿಂದ ಹದಿನೆಂಟನೆಯ ಶತಮಾನದ ಕಟ್ಟಾ ಮೆಥಡಿಸ್ಟನೊಬ್ಬನ ಮಕ್ಕಳ ಹೆಸರು ಪ್ಯಾರಿಷ್ ಪುಸ್ತಕದಲ್ಲಿ ಸಿಕ್ಕರೆ ಅದರಿಂದ ಅವನ ನಂಬಿಕೆಯ ಬಗ್ಗೆ ಏನನ್ನೂ ನಿರ್ಣಯಿಸಲಾಗದು.

ಈ ಸಭೆಗಳ ಪುಸ್ತಕಗಳಿಗೆ ಒಂದು ದೌರ್ಬಲ್ಯವಿತ್ತು: ಆಸ್ತಿಯ ವ್ಯಾಜ್ಯದಲ್ಲಿ ವಯಸ್ಸನ್ನೋ ವಾರಸುದಾರಿಕೆಯನ್ನೋ ಸಾಬೀತುಪಡಿಸಬೇಕಾದಾಗ ನ್ಯಾಯಾಲಯಗಳು ಪ್ಯಾರಿಷ್ ಪುಸ್ತಕಕ್ಕೆ ಕೊಡುವ ಬೆಲೆಯನ್ನು ಅವುಗಳಿಗೆ ಕೊಡುತ್ತಿರಲಿಲ್ಲ. ಪ್ರೆಸ್ಬಿಟೇರಿಯನ್, ಇಂಡಿಪೆಂಡೆಂಟ್, ಬ್ಯಾಪ್ಟಿಸ್ಟ್ ಪಂಗಡಗಳು ಒಟ್ಟುಗೂಡಿ 1742ರಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಮ್ಸ್ ಗ್ರಂಥಾಲಯದಲ್ಲಿ ತೆರೆದ ಜನನ ನೋಂದಣಿ ಈ ಅನ್ಯಾಯಕ್ಕೆ ಕೊಟ್ಟ ಉತ್ತರ. ತಂದೆತಾಯಿಗಳೂ ಹೆರಿಗೆಯನ್ನು ಕಂಡವರೂ ಸಹಿ ಹಾಕಿದ ಪತ್ರದ ಒಂದು ಪ್ರತಿ ಅಲ್ಲಿ ಉಳಿಯುತ್ತಿತ್ತು, ಇನ್ನೊಂದು ಮನೆಯವರ ಕೈಗೆ ಮರಳುತ್ತಿತ್ತು; ತಾಯಿ ಯಾರ ಮಗಳೆಂಬುದೂ ಅದರಲ್ಲಿರುತ್ತಿತ್ತು. 1837ರವರೆಗೆ ಅಲ್ಲಿ ದಾಖಲಾದ ಜನನಗಳು 50,000ದ ಸಮೀಪ. ವೆಸ್ಲಿಯನ್ ಮೆಥಡಿಸ್ಟರೂ 1818ರಲ್ಲಿ ಇಂಥದ್ದೇ ಒಂದನ್ನು ತೆರೆದರು. ಸರ್ಕಾರ ಕೊಡದ ರಕ್ಷಣೆಯನ್ನು ತಮ್ಮ ಮಕ್ಕಳಿಗಾಗಿ ತಾವೇ ಕಟ್ಟಿಕೊಂಡ ಈ ಜನರ ಶಿಸ್ತು ಇಂದಿಗೂ ಗೌರವ ಹುಟ್ಟಿಸುತ್ತದೆ. 1837ರ ನಂತರ ಸರ್ಕಾರ ಭಿನ್ನಮತೀಯರ ಹಳೆಯ ಪುಸ್ತಕಗಳನ್ನು ಒಪ್ಪಿಸುವಂತೆ ಕೇಳಿ, 1840ರ ಕಾಯಿದೆಯಿಂದ ಅವುಗಳಿಗೆ ಸಾಕ್ಷ್ಯದ ಬೆಲೆ ಕೊಟ್ಟಿತು. ಸಾವಿರಾರು ಪುಸ್ತಕಗಳು ಲಂಡನ್ನಿಗೆ ಬಂದು ಇಂದು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಆರ್‌ಜಿ 4 ಎಂಬ ಸರಣಿಯಾಗಿವೆ, ಕ್ವೇಕರರವು ಆರ್‌ಜಿ 6ರಲ್ಲಿವೆ. ಕ್ವೇಕರರು ಪುಸ್ತಕ ಒಪ್ಪಿಸುವ ಮೊದಲು ತಮಗಾಗಿ ಸಾರಾಂಶಗಳನ್ನು ಬರೆದುಕೊಂಡರು. ರೋಮನ್ ಕ್ಯಾಥೊಲಿಕರು ಬಹುಪಾಲು ಒಪ್ಪಿಸಲೇ ಇಲ್ಲ.

ಮದುವೆಯ ವಿಷಯದಲ್ಲಿ ಕಾನೂನು ಭಿನ್ನಮತೀಯರನ್ನು ಇನ್ನೊಂದು ರೀತಿಯಲ್ಲಿ ಹಿಡಿದಿಟ್ಟಿತು. 1754ರ ಮಾರ್ಚ್ 25ರಿಂದ ಜಾರಿಗೆ ಬಂದ, ಲಾರ್ಡ್ ಹಾರ್ಡ್‌ವಿಕ್‌ನ ಹೆಸರಿನ ವಿವಾಹ ಕಾಯಿದೆಯ ಪ್ರಕಾರ ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಕರೆಯನ್ನು ಓದಿ, ಇಲ್ಲವೇ ಬಿಷಪ್ಪನ ಕಡೆಯಿಂದ ಪರವಾನಗಿ ಪಡೆದು, ಇಂಗ್ಲೆಂಡ್ ಚರ್ಚಿನಲ್ಲಿಯೇ ಮದುವೆಯಾಗಬೇಕು. ವಧೂವರರೂ ಇಬ್ಬರು ಸಾಕ್ಷಿಗಳೂ ಪುಸ್ತಕದಲ್ಲಿ ಸಹಿಯನ್ನೋ ಗುರುತನ್ನೋ ಹಾಕಬೇಕು. ಕ್ವೇಕರರಿಗೂ ಯೆಹೂದ್ಯರಿಗೂ ಮಾತ್ರ ವಿನಾಯಿತಿ. ಆದ್ದರಿಂದ 1754ರಿಂದ 1837ರವರೆಗೆ ಕ್ವೇಕರರಲ್ಲದ ಭಿನ್ನಮತೀಯ ಮನೆತನದ ಮದುವೆ ಪ್ಯಾರಿಷ್ ಪುಸ್ತಕದಲ್ಲಿರುತ್ತದೆ, ಮಕ್ಕಳು ಬೇರೆಡೆ ಇರುತ್ತಾರೆ. ಪ್ಯಾರಿಷ್ ಪುಸ್ತಕದಲ್ಲಿ ಮದುವೆ ಸಿಕ್ಕು ಮಕ್ಕಳು ಸಿಗದಿದ್ದರೆ ಮಕ್ಕಳಾಗಲಿಲ್ಲವೆಂದು ಮುಗಿಸದೆ ಆ ಊರಿನ ಸುತ್ತಲಿನ ಚಾಪೆಲ್‌ಗಳನ್ನು, ಅಂದರೆ ಭಿನ್ನಮತೀಯರ ಪ್ರಾರ್ಥನಾ ಮಂದಿರಗಳನ್ನು, ನೋಡಬೇಕಾದದ್ದು ಇದರಿಂದ. 1851ರ ಮಾರ್ಚ್ 30ರ ಭಾನುವಾರ ನಡೆದ ಧಾರ್ಮಿಕ ಗಣತಿ ಆರಾಧನೆಗೆ ಬಂದವರಲ್ಲಿ ಅರ್ಧದಷ್ಟು ಮಂದಿ ಅಧಿಕೃತ ಚರ್ಚಿನ ಹೊರಗಿನವರೆಂದು ತೋರಿಸಿ ದೇಶವನ್ನು ಬೆಚ್ಚಿಬೀಳಿಸಿತು.

ಈ ಹೊರಗಿನವರಲ್ಲಿ ಕೆಲವರ ಜಾಡು ಕನ್ನಡನಾಡಿಗೂ ಬರುತ್ತದೆ. 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನರಿ ಸೊಸೈಟಿಯ ಬೆನ್ನೆಲುಬಾಗಿದ್ದವರು ಇಂಡಿಪೆಂಡೆಂಟರು, ಅಂದರೆ ಮುಂದೆ ಕಾಂಗ್ರಿಗೇಷನಲಿಸ್ಟರು ಎನಿಸಿಕೊಂಡವರು. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ದುಡಿದ ಜಾನ್ ಹ್ಯಾಂಡ್ಸ್ ಆ ಸಂಸ್ಥೆಯವರು. ಬೆಂಗಳೂರಿನ ಬೆಂಜಮಿನ್ ರೈಸ್ ಅದೇ ಸಂಸ್ಥೆಯವರು, ಮತ್ತು ಎಪಿಗ್ರಾಫಿಯಾ ಕರ್ನಾಟಿಕದ ಬಿ. ಎಲ್. ರೈಸ್ ಆ ಮನೆಯಲ್ಲಿ 1837ರಲ್ಲಿ, ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾದ ವರ್ಷವೇ, ಬೆಂಗಳೂರಿನಲ್ಲಿ ಹುಟ್ಟಿದರು. ಕನ್ನಡದ ಸಾವಿರಾರು ಶಾಸನಗಳ ತೇದಿಯನ್ನು ಬಿಡಿಸಿದ ವಿದ್ವಾಂಸರ ಬೇರು ಹೀಗೆ ಪ್ಯಾರಿಷ್ ಪುಸ್ತಕದ ಹೊರಗಿನ ಪರಂಪರೆಯಲ್ಲಿದೆ. ಇಂಥ ಮನೆತನಗಳನ್ನೂ, ಬೆಂಗಳೂರು ದಂಡಿನಲ್ಲಿ ಬಳ್ಳಾರಿಯಲ್ಲಿ ಮಣ್ಣಾದ ಸಿಪಾಯಿಗಳನ್ನೂ ಹುಡುಕುವವರಿಗೆ ಬ್ರಿಟಿಷ್ ಲೈಬ್ರರಿಯಲ್ಲಿ ಒಂದು ನಿಧಿಯಿದೆ: ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಗಳು ತಮ್ಮ ಪುಸ್ತಕಗಳ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದರು, ಮದ್ರಾಸ್ ಅಧಿಪತ್ಯದ ಆ ಸರಣಿ 1698ರಿಂದ ಶುರುವಾಗುತ್ತದೆ. ಬಿಷಪ್ಪನಿಗೆ ನಕಲು ಕಳಿಸುವ ಹಳೆಯ ಅಭ್ಯಾಸವೇ ಕಡಲು ದಾಟಿ ಬಂದಂತೆ ಅದು ಕಾಣುತ್ತದೆ. ಲಂಡನ್ ಮಿಷನ್ನಿನ ಪತ್ರಗಳು ಲಂಡನ್ನಿನ ಸೋಯಾಸ್ ಸಂಸ್ಥೆಯಲ್ಲಿವೆ.

ಇಷ್ಟೆಲ್ಲ ತೊಡಕುಗಳೂ ಒಂದೇ ಮನೆಯಲ್ಲಿ ಸೇರಿಕೊಂಡ ಉದಾಹರಣೆ ಕವಿ, ಚಿತ್ರಕಾರ ವಿಲಿಯಂ ಬ್ಲೇಕನದು. 1757ರ ನವೆಂಬರ್ 28ರಂದು ಲಂಡನ್ನಿನಲ್ಲಿ ಹುಟ್ಟಿದ ಬ್ಲೇಕನಿಗೆ ಅದೇ ವರ್ಷದ ಡಿಸೆಂಬರ್ 11ರಂದು ಪಿಕಡಿಲಿಯ ಸೇಂಟ್ ಜೇಮ್ಸ್ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು. ಅಷ್ಟನ್ನೇ ನೋಡಿದರೆ ಅವನದು ಅಧಿಕೃತ ಚರ್ಚಿಗೆ ಸೇರಿದ ಮನೆತನ. ಆದರೆ ಅವನ ತಂದೆ, ತಾಯಿ, ಪ್ರೀತಿಯ ತಮ್ಮ ರಾಬರ್ಟ್ ಮಣ್ಣಾದದ್ದು ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ. ಜಾನ್ ಬನಿಯನ್, ಡೇನಿಯಲ್ ಡೀಫೋ, ಜಾನ್ ವೆಸ್ಲಿಯ ತಾಯಿ ಸುಸಾನಾ ಮಲಗಿರುವ ಆ ನೆಲ ಭಿನ್ನಮತೀಯರ ಸ್ಮಶಾನವೆಂದೇ ಹೆಸರಾದದ್ದು. ಹುಟ್ಟಿನ ಪುಸ್ತಕ ಒಂದು ಮಾತನ್ನೂ ಸಾವಿನ ಪುಸ್ತಕ ಇನ್ನೊಂದು ಮಾತನ್ನೂ ಹೇಳುತ್ತಿದ್ದುದರಿಂದ ಬ್ಲೇಕನ ಮನೆಯ ನಂಬಿಕೆ ಯಾವುದೆಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು.

ಬೀಗದ ಕೈ ತಾಯಿಯ ಬಳಿಯಿತ್ತು, ಮತ್ತು ತಾಯಿಯ ವಿಷಯದಲ್ಲಿ ಪ್ಯಾರಿಷ್ ಪುಸ್ತಕದ ಮೌನ ಎಲ್ಲಕ್ಕಿಂತ ಗಾಢ. ದೀಕ್ಷಾಸ್ನಾನದ ನಮೂದುಗಳಲ್ಲಿ ಸಾಮಾನ್ಯವಾಗಿ ಜೇಮ್ಸ್ ಮತ್ತು ಕ್ಯಾಥರೀನ್‌ರ ಮಗ ಎಂಬಷ್ಟೇ ಇರುತ್ತದೆ, ತಾಯಿಯ ತವರಿನ ಹೆಸರಿರುವುದಿಲ್ಲ. ಯಾರ್ಕ್ ನಗರದ ವಿಲಿಯಂ ಡೇಡ್ ಎಂಬ ಪಾದ್ರಿ 1770ರ ದಶಕದಲ್ಲಿ ತಾಯಿಯ ತವರಿನ ಹೆಸರು, ಎರಡೂ ಕಡೆಯ ಅಜ್ಜಂದಿರ ಹೆಸರು ಮತ್ತು ಕಸುಬು, ಹುಟ್ಟಿದ ದಿನ, ಮಗು ಎಷ್ಟನೆಯದು ಎಂಬುದನ್ನೆಲ್ಲ ಬರೆಯುವ ಮಾದರಿಯೊಂದನ್ನು ರೂಪಿಸಿದ್ದ, 1777ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಅದನ್ನು ತನ್ನ ಸೀಮೆಯಲ್ಲಿ ಹರಡಿದ. 1813ರಿಂದ ಇಡೀ ದೇಶಕ್ಕೆ ಒಂದೇ ಅಚ್ಚಿನ ನಮೂನೆ ಬಂದಾಗ ಆ ಸಂಪತ್ತು ನಿಂತುಹೋದದ್ದು ನಿಜಕ್ಕೂ ನಷ್ಟ. ಆದರೆ 1757ರ ಲಂಡನ್ನಿಗೆ ಅದರ ಉಪಕಾರ ಇರಲಿಲ್ಲ. ಬ್ಲೇಕನ ತಂದೆತಾಯಿಗಳ ಮದುವೆ 1752ರ ಅಕ್ಟೋಬರ್ 15ರಂದು ಮೇಫೇರ್‌ನ ಸೇಂಟ್ ಜಾರ್ಜ್ ಚಾಪೆಲ್ಲಿನಲ್ಲಿ ನಡೆಯಿತು; ಕರೆ ಓದದೆ, ಪ್ರಶ್ನೆ ಕೇಳದೆ, ಬೇಗನೆ ಮದುವೆ ಮಾಡಿಕೊಡುವುದಕ್ಕೆ ಹೆಸರಾಗಿದ್ದ, ಹಾರ್ಡ್‌ವಿಕ್ ಕಾಯಿದೆ ಮುಚ್ಚಿಸಿದ ಸ್ಥಳಗಳಲ್ಲಿ ಅದೂ ಒಂದು. ಅಲ್ಲಿಯ ಪುಸ್ತಕದಲ್ಲಿ ವಧುವಿನ ಮನೆತನದ ಹೆಸರು ಹಕಾರದಿಂದ ಶುರುವಾಗುವುದರಿಂದ ಅವಳನ್ನು ಕ್ಯಾಥರೀನ್ ಹರ್ಮಿಟೇಜ್ ಎಂದು ಓದಿದವರುಂಟು.

‘ದಿ ಮೇಕಿಂಗ್ ಆಫ್ ದಿ ಇಂಗ್ಲಿಷ್ ವರ್ಕಿಂಗ್ ಕ್ಲಾಸ್’ ಬರೆದ ಇತಿಹಾಸಕಾರ ಇ. ಪಿ. ಥಾಮ್ಸನ್ ಈ ಹೆಸರಿನ ಜಾಡು ಹಿಡಿದವರು. ಹದಿನೇಳನೆಯ ಶತಮಾನದ ನಡುವೆ ಹುಟ್ಟಿ ಮೂರು ಶತಮಾನ ಬಾಳಿದ ಮಗಲ್‌ಟೋನಿಯನ್ ಎಂಬ ಪುಟ್ಟ ಪಂಥವೊಂದಿತ್ತು. ಅದರ ಕಾಗದಪತ್ರಗಳನ್ನು ಕೊನೆಯ ಅನುಯಾಯಿಯೊಬ್ಬರು ಸೇಬಿನ ಪೆಟ್ಟಿಗೆಗಳಲ್ಲಿ ಕಾಪಾಡಿಕೊಂಡು ಬಂದಿದ್ದುದನ್ನು ಪತ್ತೆಹಚ್ಚಿದವರು ಥಾಮ್ಸನ್ನರೇ. ಆ ಪಂಥದ ಹಾಡುಗಳ ಕರ್ತೃಗಳಲ್ಲಿ ಹರ್ಮಿಟೇಜ್ ಎಂಬ ಹೆಸರಿನವನೊಬ್ಬನಿದ್ದ. ಇದನ್ನು ಒಂದು ಎಳೆಯಾಗಿ ಹಿಡಿದು ಬ್ಲೇಕನ ತಾಯಿ ಆ ಪಂಥದ ಮನೆಯವಳಿರಬಹುದೆಂಬ ಊಹೆಯನ್ನು ಅವರು 1993ರ ತಮ್ಮ ಕೊನೆಯ ಪುಸ್ತಕದಲ್ಲಿ ಮಂಡಿಸಿದರು. ಎಚ್ಚರಿಕೆಯಿಂದ, ಊಹೆಯೆಂದೇ ಒಪ್ಪಿಕೊಂಡು ಮಂಡಿಸಿದ ವಾದ ಅದು.

2004ರಲ್ಲಿ ಕೆರಿ ಡೇವೀಸ್ ಮತ್ತು ಮಾರ್ಷಾ ಕೀತ್ ಶುಚರ್ಡ್ ಎಂಬ ಸಂಶೋಧಕರು ಲಂಡನ್ನಿನ ಮೊರಾವಿಯನ್ ಚರ್ಚಿನ ಪತ್ರಾಗಾರದಿಂದ ಪ್ರಕಟಿಸಿದ ದಾಖಲೆಗಳು ಬೇರೆ ಕಥೆಯನ್ನು ಹೇಳಿದವು. ಮೊರಾವಿಯನ್ನರು ಮಧ್ಯ ಯುರೋಪಿನ ಮೊರಾವಿಯ ಸೀಮೆಯ ಹಳೆಯ ಸುಧಾರಣಾವಾದಿಗಳ ಪರಂಪರೆಯವರು, ಲಂಡನ್ನಿನ ಫೆಟ್ಟರ್ ಲೇನ್‌ನಲ್ಲಿ ಅವರ ಸಭೆಯಿತ್ತು, ಮತ್ತು ಅದನ್ನು ಸೇರಬಯಸುವವರು ತಮ್ಮ ಅಂತರಂಗವನ್ನು ತೋಡಿಕೊಂಡು ಬರೆದ ಪತ್ರಗಳನ್ನು ಸಭೆ ಜೋಪಾನ ಮಾಡುತ್ತಿತ್ತು. ಆ ಪತ್ರಗಳಲ್ಲಿ ತಾಮಸ್ ಆರ್ಮಿಟೇಜ್ ಎಂಬ ಕಾಲುಚೀಲದ ವ್ಯಾಪಾರಿಯದೂ ಅವನ ಹೆಂಡತಿ ಕ್ಯಾಥರೀನಳದೂ ಇದ್ದವು. 1750ರಲ್ಲಿ ಅವರು ಸಭೆ ಸೇರಿದರು, 1751ರಲ್ಲಿ ತಾಮಸ್ ತೀರಿಕೊಂಡ, ವಿಧವೆ ಮರುವರ್ಷ ಜೇಮ್ಸ್ ಬ್ಲೇಕ್ ಎಂಬ ಇನ್ನೊಬ್ಬ ಕಾಲುಚೀಲದ ವ್ಯಾಪಾರಿಯನ್ನು ಮದುವೆಯಾದಳು. ಮೇಫೇರ್ ಪುಸ್ತಕದಲ್ಲಿದ್ದದ್ದು ಅವಳ ತವರಿನ ಹೆಸರಲ್ಲ, ಮೊದಲ ಗಂಡನ ಹೆಸರು. ಹಕ್ಕಿಯನ್ನು ಅಕ್ಕಿ ಎನ್ನುವ, ಅಕ್ಕಿಯನ್ನು ಹಕ್ಕಿ ಎನ್ನುವ ನಾಲಗೆಯನ್ನು ಬಲ್ಲ ಕನ್ನಡಿಗರಿಗೆ ಆರ್ಮಿಟೇಜ್ ಲಂಡನ್ನಿನ ಬಾಯಲ್ಲಿ ಹಕಾರ ಪಡೆದದ್ದು ಸುಲಭವಾಗಿ ಅರ್ಥವಾಗುತ್ತದೆ. ಅವಳ ನಿಜವಾದ ತವರಿನ ಹೆಸರು ರೈಟ್, ಹುಟ್ಟೂರು ನಾಟಿಂಗ್‌ಹ್ಯಾಮ್‌ಶೈರಿನ ವಾಕರಿಂಗ್‌ಹ್ಯಾಮ್ ಎಂಬ ಹಳ್ಳಿ. ಒಂದು ಹಕಾರದ ಮೇಲೆ ನಿಂತಿದ್ದ ಮಗಲ್‌ಟೋನಿಯನ್ ನಂಟು ಹೀಗೆ ಕಳಚಿತು. ಮೊರಾವಿಯನ್ನರಲ್ಲಿ ಅಧಿಕೃತ ಚರ್ಚಿನೊಡನೆ ನಂಟು ಬಿಡದೆ ಸಭೆಗೆ ಹೋಗುವವರು ಇದ್ದುದರಿಂದ, ಆ ಸಭೆಯ ಸಂಸ್ಕಾರ ಪಡೆದ ತಾಯಿ ಮಕ್ಕಳನ್ನು ಸೇಂಟ್ ಜೇಮ್ಸ್‌ಗೆ ಕರೆದೊಯ್ದದ್ದು ವಿರೋಧಾಭಾಸವಾಗಿಯೂ ಉಳಿಯಲಿಲ್ಲ.

ಬ್ಲೇಕನ ಸ್ವಂತ ಮದುವೆಯ ನಮೂದೂ ಇದೇ ಪಾಠದ ಇನ್ನೊಂದು ಪುಟ. 1782ರ ಆಗಸ್ಟ್ 18ರಂದು ಬ್ಯಾಟರ್ಸಿಯ ಸೇಂಟ್ ಮೇರಿ ಚರ್ಚಿನಲ್ಲಿ, ಪರವಾನಗಿ ಪಡೆದು ನಡೆದ ಆ ಮದುವೆಯ ಪುಸ್ತಕದಲ್ಲಿ ಬೂಷೆ ಮನೆತನದ ಕ್ಯಾಥರೀನ್ ಬುಚರ್ ಆಗಿದ್ದಾಳೆ, ಸಹಿಯ ಜಾಗದಲ್ಲಿ ಒಂದು ಗುಣಾಕಾರ ಚಿಹ್ನೆ ಹಾಕಿದ್ದಾಳೆ. ಮುಂದೆ ಗಂಡನ ಪುಸ್ತಕಗಳನ್ನು ಅಚ್ಚು ಮಾಡಲು, ಬಣ್ಣ ತುಂಬಲು ಕೈಜೋಡಿಸಿದವಳು ಅವಳೇ. ಮದುವೆಯ ದಿನದ ಆ ಚಿಹ್ನೆಯಿಂದ ಅವಳ ಬದುಕನ್ನೆಲ್ಲ ಅಳೆಯುವುದು ಅನ್ಯಾಯ. ಸ್ವಂತ ಪೂರ್ವಜೆಯ ಹೆಸರಿನ ಮುಂದೆ ಅಂಥ ಚಿಹ್ನೆ ಕಂಡವರಿಗೂ ಈ ಮಾತು ಅನ್ವಯಿಸುತ್ತದೆ.

ಇಂದು ಈ ಪುಸ್ತಕಗಳಲ್ಲಿ ಬಹುಪಾಲು ಚಿತ್ರರೂಪದಲ್ಲಿ, ಹೆಸರುಗಳ ಸೂಚಿಯೊಂದಿಗೆ ದೊರೆಯುತ್ತವೆ. ಅದರ ಹಿಂದೆ ಅಮೆರಿಕದ ಮಾರ್ಮನ್ ಚರ್ಚು 1938ರಿಂದ ಮೈಕ್ರೋಫಿಲ್ಮ್ ಮಾಡುತ್ತ ಬಂದ ಶ್ರಮವಿದೆ. ಸತ್ತ ಪೂರ್ವಜರ ಪರವಾಗಿ ದೀಕ್ಷಾಸ್ನಾನ ಪಡೆಯಬಹುದೆಂಬ ಅವರ ನಂಬಿಕೆಯೇ ಆ ಶ್ರಮದ ಪ್ರೇರಣೆ. ಸೂಚಿ ದಾರಿ ತೋರಿಸುವ ಕೈಮರವಷ್ಟೇ: ಸೂಚಿಯಲ್ಲಿ ಸಿಕ್ಕ ಹೆಸರಿನ ಮಗು ಮುಂದಿನ ವಾರವೇ ಸಮಾಧಿಯ ಪುಟದಲ್ಲಿದ್ದರೆ ಅದು ಯಾರ ಪೂರ್ವಜನೂ ಆಗಲಾರದು, ಆದರೆ ಆ ಪುಟವನ್ನು ತಿರುವಿ ನೋಡದವರಿಗೆ ಅದು ತಿಳಿಯುವುದಿಲ್ಲ. ಕೇಂಬ್ರಿಡ್ಜಿನ ಇತಿಹಾಸಕಾರರಾದ ರಿಗ್ಲಿ ಮತ್ತು ಸ್ಕೋಫೀಲ್ಡ್ 404 ಪ್ಯಾರಿಷ್‌ಗಳ ಪುಸ್ತಕಗಳಿಂದ 1541ರಿಂದ 1871ರವರೆಗಿನ ಇಂಗ್ಲೆಂಡಿನ ಜನಸಂಖ್ಯೆಯನ್ನು ಕಟ್ಟಿ 1981ರಲ್ಲಿ ಪ್ರಕಟಿಸಿದಾಗ ಪುಸ್ತಕಗಳಲ್ಲಿ ಬರೆಯದೆ ಉಳಿದವರಿಗಾಗಿ, ಭಿನ್ನಮತೀಯರೂ ಸೇರಿದಂತೆ, ಲೆಕ್ಕವನ್ನು ತಿದ್ದಬೇಕಾಯಿತು. ಇಡೀ ದೇಶದ ಲೆಕ್ಕಕ್ಕೆ ಬೇಕಾದ ಆ ತಿದ್ದುಪಡಿ ಒಂದು ಮನೆತನದ ಲೆಕ್ಕಕ್ಕೂ ಬೇಕು.

1827ರ ಆಗಸ್ಟ್ 12ರಂದು ತೀರಿಕೊಂಡ ಬ್ಲೇಕನನ್ನು ಐದು ದಿನಗಳ ನಂತರ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ, ತನ್ನವರು ಮಲಗಿದ್ದ ನೆಲದಲ್ಲಿ, ಆದರೆ ಇಂಗ್ಲೆಂಡ್ ಚರ್ಚಿನ ವಿಧಿಯಂತೆ ಹೂಳಲಾಯಿತು. ಸಮಾಧಿಯ ಮೇಲೆ ಕಲ್ಲಿರಲಿಲ್ಲ, ಮೇಲೆ ಮೇಲೆ ಬೇರೆ ಹೆಣಗಳೂ ಬಂದವು, ಕಾಲಾಂತರದಲ್ಲಿ ಜಾಗವೇ ಮರೆಯಾಯಿತು. ಸ್ಮಶಾನದ ಪುಸ್ತಕ ಮಾತ್ರ ಅವನ ಹೆಸರಿನ ಮುಂದೆ ಒಂಬತ್ತು ಅಡಿ ಆಳ, ಹತ್ತೊಂಬತ್ತು ಶಿಲ್ಲಿಂಗ್ ಎಂದು ಬರೆದು, ಪೂರ್ವಪಶ್ಚಿಮ 77, ಉತ್ತರದಕ್ಷಿಣ 32 ಎಂಬ ಎರಡು ಅಂಕಿಗಳನ್ನು ಉಳಿಸಿಕೊಂಡಿತ್ತು. ಆ ಅಂಕಿಗಳನ್ನು ನೆಲದ ಮೇಲೆ ಅಳೆದು ಗುರುತಿಸಿದ ಜಾಗದಲ್ಲಿ 2018ರ ಆಗಸ್ಟ್ 12ರಂದು ಒಂದು ಹೊಸ ಕಲ್ಲನ್ನು ಹಾಸಲಾಯಿತು.